‘ಕಿವಿಗೋಸ್ಕರ ಪಕ್ಕೆ ಕುಯ್ಸೀರಾ?’

ಪ್ರಶ್ನೆ: ನಾನು ಗುಂಡ್ಲುಪೇಟೆ ತಾಲ್ಲೂಕು ಭೀಮನಬೀಡಿನವಳು. ಎರಡೂವರೆ ಎಕರೆ ಜಮೀನಿದೆ, ಅರಿಸಿನ, ಸಣ್ಣ ಈರುಳ್ಳಿ ಬೆಳೆಯುತ್ತೇವೆ. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಹುಟ್ಟಿನಿಂದಲೇ ಅವಳಿಗೆ ಬಲಗಿವಿ ಇಲ್ಲ. ಆ ಜಾಗದಲ್ಲಿ ಕಡಲೆಕಾಯಿ ಬೀಜದಷ್ಟು ಒಂದು ಗಂಟು, ಅದರ ಕೆಳಗೆ ಓಲೆ ಹಾಕುವ ಜಾಗದಂಥದ್ದು ಒಂದು ಚೂರು ಇದೆ, ತೂತಿಲ್ಲ. ಎಡಗಿವಿ ಸರಿಯಾಗಿದೆ, ಕರೆದರೆ ಓಗೊಡುತ್ತಾಳೆ. ಇಷ್ಟು ದಿನ ಎರಡು ಜಡೆ ಹಾಕಿ ಮುಚ್ಚಿಕೊಂಡು ಬಂದೆ. ಈಗ ಶಾಲೆಯಲ್ಲಿ ‘ಒಂಟಿ ಓಲೆ’ ಎಂದು ಕರೆಯುತ್ತಾರಂತೆ. ಆರೋಗ್ಯ ಶಿಬಿರದಲ್ಲಿ ನೋಡಿದ ಡಾಕ್ಟರು, ಪಕ್ಕೆಲುಬಿನ ತುದಿಯ ಮೆತ್ತನೆ ಭಾಗ ತೆಗೆದು ಕಿವಿ ಮಾಡುತ್ತಾರೆ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಯಜಮಾನರು ಈಗಲೇ ಮಾಡಿಸಿಬಿಡೋಣ, ನಾಳೆ ಮದುವೆಗೆ ತೊಡಕಾಗಬಾರದು ಅನ್ನುತ್ತಾರೆ. ಅತ್ತೆ ಸುತರಾಂ ಒಪ್ಪುತ್ತಿಲ್ಲ. ‘ಕಿವಿಗೋಸ್ಕರ ಪಕ್ಕೆ ಕುಯ್ಸೀರಾ? ಹೆಣ್ಣುಡುಗಿ, ನಾಳೆ ಹೊರೆ ಹೊರಬೇಕು, ಹೆರಬೇಕು, ಮೂಳೆ ಇಲ್ದೆ ಎಂಗೆ?’ ಅನ್ನುತ್ತಾರೆ. ನಾನು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಲ್ಲಿ ಈಳಿಗೆಮಣೆ ಮುಂದೆ ಕೂತಿದ್ದಕ್ಕೇ ಹೀಗಾಯಿತು ಎಂಬ ಮಾತೂ ಆಗಾಗ ಬರುತ್ತದೆ. ಮೈದುನ ಯಾವುದೋ ವಿಡಿಯೊ ತೋರಿಸಿ, ಎದೆ ಕುಯ್ಯದೆ ಒಂದೇ ಸಲಕ್ಕೆ ಪ್ಲಾಸ್ಟಿಕ್ ಕಿವಿ ಕೂರಿಸುತ್ತಾರೆ, ಸಾಲ ಮಾಡಿಯಾದರೂ ಹೋಗೋಣ ಅನ್ನುತ್ತಾನೆ. ನನಗೆ ನಿದ್ದೆ ಹತ್ತುತ್ತಿಲ್ಲ. ಮಗುವಿನ ಪಕ್ಕೆಲುಬು ತೆಗೆದರೆ ಅವಳು ಗಟ್ಟಿಮುಟ್ಟಾಗಿ ಬೆಳೆಯುತ್ತಾಳಾ?
ಹೆಸರು ಬೇಡ, ಭೀಮನಬೀಡು

ಉತ್ತರ: ತಾಯಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೆಳೆಯುತ್ತಾಳೆ. ಹೊರೆಯನ್ನೂ ಹೊರುತ್ತಾಳೆ, ಕಾಲ ಕೂಡಿಬಂದಾಗ ಹೆರುತ್ತಾಳೆ. ನಾನು ಸರ್ಜನ್ ಅಲ್ಲ, ಆಪ್ತಸಮಾಲೋಚಕಿ. ಕೊನೆಯ ಮಾತು ಕತ್ತರಿ ಹಿಡಿಯುವವರದೇ. ಆದರೆ ನಿಮ್ಮ ಅತ್ತೆಯವರ ಭಯವನ್ನು ಹಳೇ ಕಾಲದ ಮಾತು ಎಂದು ತಳ್ಳಿಹಾಕಬೇಡಿ. ಈ ಚಿಕಿತ್ಸೆಯಲ್ಲಿ ಸರ್ಜನ್ನರೂ ಅತ್ಯಂತ ಎಚ್ಚರದಿಂದ ಇರುವುದು ಎದೆಯ ಭಾಗದಲ್ಲೇ. ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ, ಸರಿಯಾದ ಉತ್ತರ ಸಿಕ್ಕಿಲ್ಲ ಅಷ್ಟೆ.

ಎದೆಯ ಒಂದೊಂದು ಕಡೆಗೆ 12 ಪಕ್ಕೆಲುಬುಗಳಿವೆ. ಬೆನ್ನಿನಿಂದ ಹೊರಟು ಬಾಗಿ ಮುಂದಕ್ಕೆ ಬರುವ ಈ ಎಲುಬುಗಳಲ್ಲಿ ಹೆಚ್ಚಿನವು ಎದೆಯ ನಡುಮೂಳೆಯನ್ನು ಸೇರುವ ಮೊದಲು ಮೃದ್ವಸ್ಥಿಯಾಗಿ ಬದಲಾಗುತ್ತವೆ. ನಿಮ್ಮ ಕಿವಿಯ ಮೇಲಂಚನ್ನು ಬೆರಳಿನಿಂದ ಮಡಚಿ ಬಿಟ್ಟು ನೋಡಿ, ಅಲ್ಲಿರುವುದೂ ಒಂದು ಬಗೆಯ ಮೃದ್ವಸ್ಥಿಯೇ. ಪಕ್ಕೆಯದು ಇನ್ನೂ ಬಿರುಸು. ಕಿವಿ ಕಟ್ಟಲು ಸಾಮಾನ್ಯವಾಗಿ 6, 7, 8ನೆಯ ಪಕ್ಕೆಲುಬುಗಳ, ಕೆಲವೊಮ್ಮೆ 9ನೆಯದರ, ಈ ಮೃದುವಾದ ತುದಿಯನ್ನಷ್ಟೇ ಒಂದು ಕಡೆಯಿಂದ ತೆಗೆಯುತ್ತಾರೆ. ಗಟ್ಟಿ ಮೂಳೆ ಇದ್ದಲ್ಲೇ ಇರುತ್ತದೆ. ಅನೇಕ ಸರ್ಜನ್ನರು ಮೃದ್ವಸ್ಥಿಯ ಮೇಲಿನ ತೆಳು ಪೊರೆಯನ್ನು ಅಲ್ಲೇ ಬಿಟ್ಟು ಹೊಲಿಯುತ್ತಾರೆ. ಆ ಪೊರೆಯೊಳಗೆ ಸ್ವಲ್ಪ ಮಟ್ಟಿಗೆ ಹೊಸದು ಬೆಳೆದು ಗಟ್ಟಿಯಾಗುತ್ತದೆ. ಹೆರಿಗೆಗೆ ಬೇಕಾದದ್ದು ಸೊಂಟದ ಎಲುಬು, ಹೊಟ್ಟೆಯ ಬಲ. ಪಕ್ಕೆಯ ಈ ತುಂಡಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಅತ್ತೆಯವರಿಗೆ ಹೇಳುವಾಗ ನಿಮ್ಮ ಪಕ್ಕೆಯ ಮೇಲೆ ಅವರ ಕೈಯಿಟ್ಟು ತೋರಿಸಿ ಹೇಳಿ.

ಅಪಾಯವೇ ಇಲ್ಲವೇ? ಇದೆ. ಈ ಮೃದ್ವಸ್ಥಿಯ ಒಳಮಗ್ಗುಲಿಗೆ ಶ್ವಾಸಕೋಶವನ್ನು ಸುತ್ತಿದ ತೆಳು ಪೊರೆ ಅಂಟಿಕೊಂಡಂತೆ ಇರುತ್ತದೆ. ತೆಗೆಯುವಾಗ ಅದು ಹರಿದರೆ ಗಾಳಿ ಒಳಗೆ ಸೇರುತ್ತದೆ. ಅದಕ್ಕೇ ತುಂಡು ತೆಗೆದಾದ ಮೇಲೆ ಆ ಗುಂಡಿಗೆ ಉಪ್ಪುನೀರು ತುಂಬಿ, ಅರಿವಳಿಕೆ ವೈದ್ಯರಿಗೆ ಶ್ವಾಸಕೋಶ ಉಬ್ಬಿಸಲು ಹೇಳಿ, ಗುಳ್ಳೆ ಏಳುತ್ತದೆಯೇ ಎಂದು ಕಾದು ನೋಡುತ್ತಾರೆ. ಎದ್ದರೆ ಸಾಮಾನ್ಯವಾಗಿ ಅಲ್ಲೇ ಸರಿಪಡಿಸುತ್ತಾರೆ. ನೀವು ಕಾಣುವ ಸರ್ಜನ್ನರನ್ನು ‘ಗುಳ್ಳೆ ಪರೀಕ್ಷೆ ಮಾಡ್ತೀರಾ ಸಾರ್’ ಎಂದು ಧಾರಾಳವಾಗಿ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಹತ್ತಿರ ಮಗುವನ್ನು ಮಲಗಿಸುವ ಅಗತ್ಯವಿಲ್ಲ.

ಎರಡನೆಯದು ನೋವು. ಮೊದಲ ನಾಲ್ಕೈದು ದಿನ ಕಿವಿಗಿಂತ ಎದೆಯೇ ಹೆಚ್ಚು ನೋಯುತ್ತದೆ, ಕೆಮ್ಮಿದರೆ, ನಕ್ಕರೆ ಜೀವ ಹೋದಂತಾಗುತ್ತದೆ. ನೋವಿಗೆ ಹೆದರಿ ಮಗು ಸಣ್ಣಗೆ ಉಸಿರಾಡಿದರೆ ಕಫ ಕಟ್ಟುತ್ತದೆ, ಹಾಗಾಗಿ ದೀರ್ಘ ಉಸಿರಿನ ಅಭ್ಯಾಸ ಮಾಡಿಸುತ್ತಾರೆ. ಅದಾದ ಮೇಲೆ ಸುಮಾರು ಒಂದೂವರೆ ತಿಂಗಳು ಭಾರ ಎತ್ತುವಂತಿಲ್ಲ, ಕೊಡ ಹೊರುವಂತಿಲ್ಲ, ಕಬಡ್ಡಿ ಬೇಡ.

ಮೂರನೆಯದು, ಯಜಮಾನರ ‘ಈಗಲೇ’ಗೆ ಸಂಬಂಧಿಸಿದ್ದು. ಎದೆಗೂಡು ಎಳೆಯದಿರುವಾಗ ತೆಗೆದರೆ ಆ ಜಾಗ ಮುಂದೆ ತಗ್ಗು ಬೀಳುವ ಸಾಧ್ಯತೆ ಹೆಚ್ಚು, ಕಿವಿ ಕಟ್ಟುವಷ್ಟು ಸಾಮಗ್ರಿಯೂ ಸಿಗುವುದಿಲ್ಲ. ಈ ಚಿಕಿತ್ಸೆಯ ದಾರಿ ಹಾಕಿದವರಲ್ಲಿ ಅಮೆರಿಕದ ಬರ್ಟ್ ಬ್ರೆಂಟ್ ಆರು ವರ್ಷದ ಮಕ್ಕಳಿಗೇ ಮಾಡುತ್ತಿದ್ದರು. ಜಪಾನಿನ ಸಟೊರು ನಗಾಟ 1993ರಲ್ಲಿ ಪ್ರಕಟಿಸಿದ ತಮ್ಮ ಎರಡು ಹಂತದ ವಿಧಾನಕ್ಕೆ ಹತ್ತು ವರ್ಷ ತುಂಬಿರಬೇಕು, ಎದೆಯ ಸುತ್ತಳತೆ 60 ಸೆಂಟಿಮೀಟರ್ ಇರಬೇಕು ಎಂಬ ಅಳತೆಗೋಲು ಇಟ್ಟರು. ಇವತ್ತು ಅನೇಕರು ಪಾಲಿಸುವುದು ಇದನ್ನೇ. ಎದೆಮೂಳೆ ಕೆಳಗೆ ಮುಗಿಯುವ ಕಡೆ ಟೇಪು ಸುತ್ತಿ ಅಳೆದು ನೋಡಿ. ನಿಮ್ಮ ಮಗಳಿಗೆ ಒಂಬತ್ತು. ಒಂದು ವರ್ಷ ಕಾದರೆ ನಷ್ಟವೇನಿಲ್ಲ, ಲಾಭವೇ ಇದೆ.

ಹೆಣ್ಣುಮಗು ಆದ್ದರಿಂದ ಇನ್ನೊಂದು ಮಾತು. ಎದೆಯ ಗಾಯದ ಗೆರೆ ಎಲ್ಲಿ ಬರುತ್ತದೆ ಎಂದು ಮೊದಲೇ ಕೇಳಿ. ಮುಂದೆ ಮೊಲೆ ಬೆಳೆದಾಗ ಅದರ ಕೆಳಮಡಿಕೆಯಲ್ಲಿ ಮುಚ್ಚಿಹೋಗುವ ಹಾಗೆ ಗೆರೆ ಹಾಕುವುದು ವಾಡಿಕೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಕಿವಿ ಚುಚ್ಚಿದ ಕಡೆಯೋ ಸುಟ್ಟ ಗಾಯದ ಮೇಲೋ ಗಂಟುಗಂಟಾಗಿ ಮಾಂಸ ಬೆಳೆದದ್ದಿದ್ದರೆ ಅದನ್ನೂ ಮರೆಯದೆ ಹೇಳಿ, ನಮ್ಮ ಮೈಬಣ್ಣದವರಲ್ಲಿ ಅದು ಹೆಚ್ಚು.

ಇನ್ನು ಗ್ರಹಣದ ವಿಷಯ. ಗರ್ಭದಲ್ಲಿ ಸುಮಾರು ಆರನೆಯ ವಾರದಲ್ಲಿ ಆರು ಸಣ್ಣ ಉಬ್ಬುಗಳಾಗಿ ಹೊರಕಿವಿ ಮೂಡಲು ಶುರುವಾಗುತ್ತದೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಆಗತಾನೇ ತಿಳಿದಿರುತ್ತದೆ. ಆ ಉಬ್ಬುಗಳು ಪೂರ್ತಿ ಬೆಳೆಯದೆ ನಿಂತರೆ ಕಿವಿ ಹೀಗಾಗುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು, ಎಡಕ್ಕಿಂತ ಬಲಗಿವಿಗೆ ಹೆಚ್ಚು. ಬಹಳ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಬರುವುದಿಲ್ಲ. ಗರ್ಭಿಣಿಯರು ತೆಗೆದುಕೊಳ್ಳಬಾರದ ಕೆಲವು ಔಷಧಗಳಿಂದ ಆಗುವುದುಂಟು. 1960ರ ಸುಮಾರಿಗೆ ಯುರೋಪಿನಲ್ಲಿ ಥಾಲಿಡೊಮೈಡ್ ಮಾತ್ರೆ ನುಂಗಿದ ತಾಯಂದಿರಿಗೆ ಕೈಕಾಲು, ಕಿವಿ ಊನವಾದ ಮಕ್ಕಳು ಹುಟ್ಟಿದವು. ಈಳಿಗೆಮಣೆಯಿಂದ ಯಾರಿಗೂ ಆಗಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಕಾಸರಗೋಡು, ಕೊಡಗು, ನೀಲಗಿರಿಯ ಮೇಲೇ ಹಾದುಹೋಯಿತು. ಅವತ್ತು ಈ ಸೀಮೆಯ ಬಸುರಿಯರೆಲ್ಲ ಒಲೆ ಹಚ್ಚದೆ ಕೂತಿರಲಿಲ್ಲವಲ್ಲ! ಒಂಬತ್ತು ವರ್ಷದಿಂದ ಈ ಮಾತನ್ನು ಹೊತ್ತುಕೊಂಡು ಬಂದಿದ್ದೀರಿ. ಮಗಳ ಕಿವಿಗೆ ಬೀಳುವ ಹಾಗೆ ಅದನ್ನು ಆಡುತ್ತಿದ್ದರೆ ಇಂದೇ ನಿಲ್ಲಿಸಿ. ನನ್ನಿಂದ ಅಮ್ಮನಿಗೆ ಬೈಗುಳ ಎಂದು ಅವಳು ತಿಳಿದರೆ ಅದಕ್ಕೆ ಯಾವ ಸರ್ಜನ್ ಬಳಿಯೂ ಮದ್ದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಬೇರೆಯೇ ಒಂದು ಮಾತು: ‘ಎಡಗಿವಿ ಸರಿಯಾಗಿದೆ, ಕರೆದರೆ ಓಗೊಡುತ್ತಾಳೆ’. ಎಲ್ಲರೂ ಕಾಣುವ ಕಿವಿಯ ಬಗ್ಗೆ ಜಗಳವಾಡುತ್ತಿದ್ದೀರಿ, ಕೇಳುವ ಕಿವಿಯ ಬಗ್ಗೆ ಯಾರೂ ಚಕಾರ ಎತ್ತಿಲ್ಲ. ಪಕ್ಕೆಯಿಂದ ಕಟ್ಟುವುದು ಹೊರಗಿನ ಕಿವಿಯನ್ನು ಮಾತ್ರ. ಅದರಿಂದ ಕೇಳುವ ಶಕ್ತಿ ಬರುವುದಿಲ್ಲ. ಇದನ್ನು ಮೊದಲೇ ತಿಳಿಯದೆ, ಬ್ಯಾಂಡೇಜು ಬಿಚ್ಚಿದ ದಿನ ‘ಕೇಳ್ತಾ ಮಗಾ?’ ಎಂದು ಬಲಗಿವಿಯಲ್ಲಿ ಕೂಗಿ ನಿರಾಸೆಪಟ್ಟ ಮನೆಗಳಿವೆ.

ಒಂದೇ ಕಿವಿಯಲ್ಲಿ ಕೇಳುವ ಮಗು ಮನೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಗದ್ದಲದ ತರಗತಿಯಲ್ಲಿ ಮೇಷ್ಟ್ರ ಮಾತು ಅರ್ಧ ತಪ್ಪುತ್ತದೆ. ಸದ್ದು ಯಾವ ಕಡೆಯಿಂದ ಬಂತೆಂದು ಹಿಡಿಯುವುದು ಕಷ್ಟ, ಊಟಿ ರಸ್ತೆ ದಾಟುವಾಗ ಇದು ಸಣ್ಣ ವಿಷಯವಲ್ಲ. ‘ಓದಿನಲ್ಲಿ ಲಕ್ಷ್ಯವಿಲ್ಲ’ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಲಕ್ಷ್ಯವಿರುತ್ತದೆ, ಪಾಠ ಕೇಳಿಸಿರುವುದಿಲ್ಲ. ನಿಮ್ಮ ಅದೃಷ್ಟಕ್ಕೆ ಇಂಥ ಪರೀಕ್ಷೆಗಳಿಗೆ ದೇಶದಲ್ಲೇ ಹೆಸರಾದ ಸಂಸ್ಥೆ ಬಸ್ಸಿನ ದೂರದಲ್ಲಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಅಲ್ಲಿ ಎರಡೂ ಕಡೆ ಕೇಳ್ವಿಕೆಯ ಪರೀಕ್ಷೆ ಮಾಡಿಸಿ. ಇಂಥ ಮಕ್ಕಳಲ್ಲಿ ಒಳಕಿವಿ ಬಹುಪಾಲು ಸರಿಯಾಗಿಯೇ ಇರುತ್ತದೆ, ಸದ್ದು ಒಳಹೋಗುವ ದಾರಿ ಮಾತ್ರ ಮುಚ್ಚಿರುತ್ತದೆ. ತಲೆಗೆ ಪಟ್ಟಿಯಂತೆ ಕಟ್ಟಿ, ಬುರುಡೆಯ ಮೂಳೆಯ ಮೂಲಕ ಸದ್ದನ್ನು ಒಳಗೆ ಮುಟ್ಟಿಸುವ ಶ್ರವಣ ಸಾಧನಗಳಿವೆ, ಅದಕ್ಕೆ ಯಾವ ಕುಯ್ತವೂ ಬೇಡ. ಅದು ಅವಳಿಗೆ ಬೇಕೇ ಬೇಡವೇ ಎಂದು ಅಲ್ಲಿನವರು ಹೇಳುತ್ತಾರೆ. ಕಿವಿಯ ತೂತು ತೆರೆಯುವ ಶಸ್ತ್ರಚಿಕಿತ್ಸೆ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ, ಸ್ಕ್ಯಾನ್ ನೋಡಿ ತೀರ್ಮಾನಿಸುತ್ತಾರೆ. ಮಾಡುವುದಾದರೂ ಪಕ್ಕೆಯ ಮೃದ್ವಸ್ಥಿಯಿಂದ ಕಿವಿ ಕಟ್ಟಿದ ಮೇಲೆ. ಮೊದಲೇ ಮಾಡಿದರೆ ಅಲ್ಲಿನ ಚರ್ಮದಲ್ಲಿ ಗಾಯದ ಗೆರೆಗಳಾಗಿ ಮುಂದಿನ ಕೆಲಸ ಕೆಡುತ್ತದೆ. ಹೋದಾಗ ಮೂತ್ರಪಿಂಡದ ಅಲ್ಟ್ರಾಸೌಂಡ್ ಬೇಕೇ ಎಂದೂ ಕೇಳಿ, ಕಿವಿ ಬೆಳೆಯದ ಕೆಲವು ಮಕ್ಕಳಲ್ಲಿ ಕಿಡ್ನಿಯಲ್ಲೂ ವ್ಯತ್ಯಾಸ ಇರುತ್ತದೆ. ಕೆನ್ನೆ, ದವಡೆ ಎರಡೂ ಕಡೆ ಸಮನಾಗಿವೆಯೇ ಎಂದೂ ನೋಡುತ್ತಾರೆ.

ಅಲ್ಲಿಯ ತನಕ ತರಗತಿಯಲ್ಲಿ ಮುಂದಿನ ಸಾಲಿನ ಬಲತುದಿಯಲ್ಲಿ ಕೂರಿಸಲು ಹೇಳಿ, ಮೇಷ್ಟ್ರು ಅವಳ ಎಡಗಿವಿಯ ಕಡೆಗೆ ಬರುತ್ತಾರೆ. ಅದೇ ನೆಪದಲ್ಲಿ ಆ ಅಡ್ಡಹೆಸರಿನ ವಿಷಯವನ್ನೂ ಅವರ ಕಿವಿಗೆ ಹಾಕಿ. ಇರುವ ಒಂದು ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡುವುದು, ಹೇರ್‌ಪಿನ್ ಹಾಕುವುದು ಪೂರ್ತಿ ನಿಲ್ಲಲಿ. ಸೋರಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಈಗ ಕಿವಿ ಕಟ್ಟುವುದು ಹೇಗೆ ಎನ್ನುವುದಕ್ಕೆ ಬರೋಣ, ತಿಳಿದರೆ ಭಯ ಅರ್ಧ ಇಳಿಯುತ್ತದೆ. ಸರ್ಜನ್ ಮೊದಲು ಒಂದು ಪಾರದರ್ಶಕ ಹಾಳೆಯನ್ನು, ಎಷ್ಟೋ ಕಡೆ ತೊಳೆದ ಎಕ್ಸ್‌ರೇ ಫಿಲ್ಮನ್ನೇ, ಎಡಗಿವಿಯ ಮೇಲಿಟ್ಟು ಅದರ ಒಂದೊಂದು ಮಡಿಕೆಯನ್ನೂ ಗೆರೆಯೆಳೆದುಕೊಳ್ಳುತ್ತಾರೆ. ಹಾಳೆಯನ್ನು ಮಗುಚಿದರೆ ಬಲಗಿವಿಯ ಅಚ್ಚು ಸಿಕ್ಕಿತು. ಎದೆಯಿಂದ ತೆಗೆದ ತುಂಡುಗಳನ್ನು ಪಕ್ಕದ ಮೇಜಿನ ಮೇಲಿಟ್ಟುಕೊಂಡು ಈ ಅಚ್ಚಿಗೆ ಸರಿಯಾಗಿ ಕೆತ್ತುತ್ತಾರೆ. ಅಗಲವಾದ 6, 7ನೆಯ ತುಂಡುಗಳಿಂದ ತಳ, ಉದ್ದನೆಯ 8ನೆಯದನ್ನು ತೆಳುವಾಗಿ ಸವರಿ ಬಗ್ಗಿಸಿದರೆ ಕಿವಿಯ ಹೊರ ಅಂಚು. ತುಂಡುಗಳನ್ನು ಕೂದಲೆಳೆಯಂಥ ಉಕ್ಕಿನ ತಂತಿಯಿಂದಲೋ ನೈಲಾನ್ ದಾರದಿಂದಲೋ ಬಿಗಿಯುತ್ತಾರೆ. ಮೃದ್ವಸ್ಥಿಯನ್ನು ಒಂದೇ ಮಗ್ಗುಲಿಂದ ಕೆತ್ತಿದರೆ ಹಸಿ ಹಲಗೆ ಬಿಸಿಲಿಗೆ ಬಾಗಿದ ಹಾಗೆ ಅದು ನಿಧಾನಕ್ಕೆ ಬಾಗಿಕೊಳ್ಳುತ್ತದೆ. ಎರಡೂ ಕಡೆ ಸಮನಾಗಿ ಕೆತ್ತಬೇಕು ಎಂಬುದನ್ನು 1950ರ ದಶಕದ ಕೊನೆಯಲ್ಲಿ ಗ್ಲಾಸ್ಗೊದ ಥಾಮಸ್ ಗಿಬ್ಸನ್ ತೋರಿಸಿಕೊಟ್ಟರು. ಬೈಕ್ ಅಪಘಾತದಲ್ಲಿ ಮೂಗಿನ ಸೇತುವೆ ಕುಸಿದವರಿಗೆ ಮೂಗು ಎತ್ತಿಕೊಡುವಾಗಲೂ ಬಳಸುವುದು ಇದೇ ಪಕ್ಕೆಯ ಮೃದ್ವಸ್ಥಿ, ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಕೆತ್ತಿದ ಚೌಕಟ್ಟನ್ನು ಕಿವಿಯ ಜಾಗದ ಚರ್ಮದ ಕೆಳಗೆ ಜೇಬು ಮಾಡಿ ತೂರಿಸುತ್ತಾರೆ. ಸಣ್ಣ ನಳಿಕೆಯಿಂದ ಒಳಗಿನ ಗಾಳಿ, ರಕ್ತ ಹೀರಿದ ಕೂಡಲೇ ಚರ್ಮ ಚೌಕಟ್ಟಿಗೆ ಅಂಟಿ, ಅಲ್ಲೇ ಮೇಜಿನ ಮೇಲೇ ಕಿವಿಯ ಮಡಿಕೆಗಳು ಒಂದೊಂದಾಗಿ ಮೂಡುತ್ತವೆ. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ, ಸುತ್ತಲಿನ ಚರ್ಮದಿಂದ ಜಿನುಗುವ ಪೋಷಣೆ ಅದಕ್ಕೆ ಸಾಕು. ಅದರಿಂದಲೇ ಜಾಗ ಬದಲಾದರೂ ಅದು ಬದುಕುತ್ತದೆ. ಅವಳದೇ ಮೈಯ ವಸ್ತು, ಆದ್ದರಿಂದ ದೇಹ ತಿರಸ್ಕರಿಸುವ ಪ್ರಶ್ನೆಯಿಲ್ಲ. ಆರು ತಿಂಗಳೋ ಇನ್ನೂ ಸ್ವಲ್ಪ ಹೆಚ್ಚೋ ಕಳೆದ ಮೇಲೆ ಎರಡನೆಯ ಹಂತ. ತಲೆಗೆ ಅಂಟಿದಂತಿರುವ ಕಿವಿಯನ್ನು ಎತ್ತಿ, ಹಿಂದೆ ಒಂದು ಆನಿಕೆ ಕೊಟ್ಟು, ಬೇರೆ ಕಡೆಯ ಚರ್ಮ ತೆಗೆದು ಹೊದಿಸುತ್ತಾರೆ. ಸೋಂಕು, ಚರ್ಮ ತೆಳುವಾಗಿ ಚೌಕಟ್ಟು ಇಣುಕುವುದು, ತಂತಿ ಹೊರಬರುವುದು, ಇವು ಆಗಬಹುದಾದ ತೊಂದರೆಗಳು. ಒಂದು ಸಣ್ಣ ಮೂರನೆಯ ತಿದ್ದುಪಡಿ ಬೇಕಾಗುವುದೂ ಉಂಟು.

ಒಂದು ಕೆಲಸ ಮಾತ್ರ ಮಾಡಿಸಬೇಡಿ. ‘ಆ ಗಂಟು ಅಸಹ್ಯವಾಗಿ ಕಾಣುತ್ತೆ, ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ ಕೈ ಹಚ್ಚಲು ಬಿಡಬೇಡಿ. ಗಂಟಿನ ಕೆಳಗಿನ ಆ ಚೂರು ಚರ್ಮವೇ ನಾಳೆ ಓಲೆ ಹಾಕುವ ಹಾಲೆಯಾಗುತ್ತದೆ. ಓಲೆ ಎಂದಾಗ ನೆನಪಾಯಿತು. ಹರಿದ ಕಿವಿಹಾಲೆ ಕೂಡಿಸುವ 15 ವಿಧಾನಗಳನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಭಾರದ ಓಲೆಗೆ ಕಿವಿ ಹರಿದುಕೊಳ್ಳುವುದು ನಮ್ಮ ಅಜ್ಜಿಯರ ಕಾಲಕ್ಕೂ ಹಿಂದಿನ ಕಥೆ. ಕಿವಿಯಷ್ಟೇ ಅಲ್ಲ, ಮೂಗು ಕಟ್ಟುವುದೂ ನಮ್ಮಲ್ಲಿ ಹಳೆಯ ಕಸುಬು. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿಯವನಾಗಿದ್ದ ಕಾವಸ್ಜಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ, ಪುಣೆಯಲ್ಲಿ ಒಬ್ಬ ಕಸುಬುದಾರ ಅವನ ಹಣೆಯ ಚರ್ಮ ತಿರುಗಿಸಿ ಮೂಗು ಮಾಡಿಕೊಟ್ಟ. 1794ರಲ್ಲಿ ಆ ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಬಂದ ಮೇಲೆಯೇ ಅಲ್ಲಿನ ವೈದ್ಯರು ಕಲಿಯಲು ಹೊರಟದ್ದು. ಪಕ್ಕೆಯ ಮೃದ್ವಸ್ಥಿ ಬಂದದ್ದು ಬಹಳ ತಡವಾಗಿ. ಮೊದಲ ಮಹಾಯುದ್ಧದಲ್ಲಿ ಮುಖ ಒಡೆದುಹೋದ ಸೈನಿಕರಿಗೆ ಹೆರಾಲ್ಡ್ ಗಿಲೀಸ್ ಬಳಸಿದರು, 1959ರಲ್ಲಿ ರ‍್ಯಾಡ್‌ಫರ್ಡ್ ಟ್ಯಾನ್ಜರ್ ಅದರಿಂದ ಪೂರ್ತಿ ಕಿವಿ ಕಟ್ಟುವ ಕ್ರಮವನ್ನು ಪ್ರಕಟಿಸಿದರು. ನಿಮ್ಮ ಮಗಳ ಮೇಲೆ ಪ್ರಯೋಗ ನಡೆಯುವುದಿಲ್ಲ, ಅರವತ್ತು ವರ್ಷಕ್ಕೂ ಮೀರಿ ಪಳಗಿದ ಕೆಲಸ ಇದು.

ಮೈದುನ ಹೇಳುವ ಪ್ಲಾಸ್ಟಿಕ್ ಕಿವಿ ಸುಳ್ಳಲ್ಲ. ರಂಧ್ರಗಳಿರುವ ಪಾಲಿಎಥಿಲೀನ್‌ನ ತಯಾರು ಚೌಕಟ್ಟು ಅದು. ಎದೆ ಕುಯ್ಯಬೇಕಾಗಿಲ್ಲ, ಚಿಕ್ಕ ವಯಸ್ಸಿನಲ್ಲೇ ಮಾಡಬಹುದು. ಆದರೆ ಹೊರಗಿನ ವಸ್ತು ಹೊರಗಿನದೇ. ಮೇಲಿನ ಚರ್ಮ ಎಲ್ಲಾದರೂ ಒಡೆದು ಸೋಂಕಾದರೆ ತೆಗೆಯಬೇಕಾಗಿ ಬರಬಹುದು, ಅವಳದೇ ಮೃದ್ವಸ್ಥಿಯಾದರೆ ಸಣ್ಣಪುಟ್ಟ ಗಾಯ ಮಾಯುತ್ತದೆ. ಹೊಲದಲ್ಲಿ ಓಡಾಡುವ, ಮರ ಹತ್ತುವ, ದೊಡ್ಡ ಆಸ್ಪತ್ರೆ ದೂರವಿರುವ ಊರಿನ ಮಗುವಿಗೆ ನನ್ನ ಮತ ಪಕ್ಕೆಯ ಮೃದ್ವಸ್ಥಿಗೇ. ಸಾಲ ಮಾಡಿ ಪ್ಲಾಸ್ಟಿಕ್ ಕೂರಿಸುವುದು ಬೇಡ. ಅಂಟಿಸಿಕೊಳ್ಳುವ ಸಿಲಿಕೋನ್ ಕಿವಿಯೂ ಇದೆ, ನೋಡಲು ಬಲು ಚೆಂದ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಬೆವರಿಗೆ ಜಾರುತ್ತದೆ.

ದುಡ್ಡಿನ ಮಾತು ಚುಟುಕಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಪಕ್ಕೆಯ ಮೃದ್ವಸ್ಥಿಯಿಂದ ಕಿವಿ ಮರುನಿರ್ಮಾಣ ಯಾವ ಆಸ್ಪತ್ರೆಯಲ್ಲಿ ಈ ಯೋಜನೆಯಡಿ ಆಗುತ್ತದೆ, ಎರಡನೆಯ ಹಂತಕ್ಕೂ ಮಂಜೂರಾತಿ ಸಿಗುತ್ತದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ. ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಿಂದಲೋ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದಲೋ ರೆಫರಲ್ ಚೀಟಿ ಬರೆಸಿಕೊಂಡೇ ಹೊರಡಿ. ಸರ್ಜನ್ನರನ್ನು ಕಂಡಾಗ ಅವರು ತಾವೇ ಕಟ್ಟಿದ ಕಿವಿಗಳ ಫೋಟೊ ತೋರಿಸಲು ಕೇಳಿ, ಅದರಲ್ಲೂ ಮಾಡಿ ಎರಡು ಮೂರು ವರ್ಷ ಕಳೆದವುಗಳನ್ನು. ಇದು ಎಲ್ಲ ಪ್ಲಾಸ್ಟಿಕ್ ಸರ್ಜನ್ನರೂ ದಿನವೂ ಮಾಡುವ ಕೆಲಸವಲ್ಲ, ಪದೇ ಪದೇ ಮಾಡಿದ ಕೈ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರ ಅಭಿಪ್ರಾಯ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಗಂಡ, ಅತ್ತೆ, ಮೈದುನ, ಡಾಕ್ಟರು ಎಲ್ಲರೂ ಏನಂದರೆಂದು ಬರೆದಿದ್ದೀರಿ, ಮಗಳು ಏನಂದಳೆಂದು ಬರೆದಿಲ್ಲ. ನೋಯುವುದು ಅವಳ ಪಕ್ಕೆ. ಕಟ್ಟಿದ ಕಿವಿ ಎಡಗಿವಿಯ ಪಡಿಯಚ್ಚು ಆಗುವುದಿಲ್ಲ, ಸ್ವಲ್ಪ ದಪ್ಪ, ಬಿರುಸು, ಮೊದಮೊದಲು ಸ್ಪರ್ಶ ಮಂದ. ಎದುರು ನಿಂತವರಿಗೆ ಅದು ಕಿವಿಯಾಗಿಯೇ ಕಾಣುತ್ತದೆ, ಕನ್ನಡಕ ನಿಲ್ಲುತ್ತದೆ, ಮಾಸ್ಕ್ ಸಿಕ್ಕುತ್ತದೆ, ಜಡೆ ಬೇಕಾದ ಹಾಗೆ ಹೆಣೆಯಬಹುದು. ಚುಚ್ಚಿಸುವ ಓಲೆಗೆ ಸರ್ಜನ್ನರ ಒಪ್ಪಿಗೆ ಬೇಕು, ಹಾಲೆಗಿಂತ ಮೇಲೆ ಎಂದಿಗೂ ಚುಚ್ಚಿಸುವಂತಿಲ್ಲ. ಇದನ್ನೆಲ್ಲ ಇದ್ದದ್ದು ಇದ್ದಂತೆ ಅವಳಿಗೆ ಹೇಳಿ. ‘ಬೇಕು’ ಅಂದರೆ ಹತ್ತು ತುಂಬಿದ ಮೇಲೆ, ಬೇಸಿಗೆ ರಜೆ ನೋಡಿಕೊಂಡು ಮಾಡಿಸಿ. ‘ಈಗ ಬೇಡ’ ಅಂದರೆ ಬಿಡಿ. ಹದಿನೈದಕ್ಕೂ ಮಾಡಬಹುದು, ಇಪ್ಪತ್ತಕ್ಕೂ ಮಾಡಬಹುದು. ಮದುವೆಯ ಹೆಸರಲ್ಲಿ ಒಂಬತ್ತು ವರ್ಷದ ಮಗುವನ್ನು ಮೇಜಿನ ಮೇಲೆ ಮಲಗಿಸುವುದನ್ನು ನಾನಂತೂ ಒಪ್ಪಲಾರೆ, ಯಜಮಾನರಿಗೆ ಇದನ್ನು ನನ್ನ ಮಾತೆಂದೇ ಓದಿ ಹೇಳಿ.

ಸದ್ಯಕ್ಕೆ ದಸರಾ ರಜೆಯಲ್ಲಿ ಮೈಸೂರಿಗೆ ಹೋಗಿ ಕೇಳ್ವಿಕೆಯ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಆಯುಧಪೂಜೆ ಮತ್ತು ವಿಜಯದಶಮಿಯ ದಿನ ಬಿಟ್ಟು. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ತಮ್ಮ ಪ್ರಶ್ನೆಯನ್ನು ಡಾಕ್ಟರನ್ನೇ ಕೇಳಲಿ. ವರದಿ ಬಂದ ಮೇಲೆ ಮತ್ತೆ ಬರೆಯಿರಿ. ಆ ಪತ್ರದಲ್ಲಿ ಮಗಳ ಕೈಯಿಂದಲೂ ನಾಲ್ಕು ಸಾಲು ಬರೆಸಿ.